ಲಕ್ಸೆಂಬರ್ಗ್‌ನ್ಯಾಗ ಮೂರು ರಾತ್ರಿ

ಮಗನ ಮನಿಗೆ ಜರ್ಮನಿಗೆ ಹೋಗಿ ಬಂದ ಮ್ಯಾಲೆ ಓಣ್ಯಾಗ ಎಲ್ಲಾರೂ ಕೇಳೂದು ಒಂದ. "ಸ್ವಿಟ್ಜರ್ಲೆಂಡ್ ನೋಡಿದ್ರೇನು? ಪ್ಯಾರಿಸ್‌ಗೆ ಹೋಗಿದ್ರೇನು?" ಇಲ್ಲರೀ ಅಂದ್ರ ಮಾರಿ ಸಣ್ಣ ಮಾಡ್ತಾರ. ನಾವು ಹೋದದ್ದು ಲಕ್ಸೆಂಬರ್ಗ್ ಅನ್ನೂ ದೇಶಕ್ಕ. ನಮ್ಮ ಅಕ್ಕ ಫೋನಿನ್ಯಾಗ "ಅದ್ಯಾವ ಊರವಾ?" ಅಂದ್ಲು. ಊರಲ್ಲ, ದೇಶ. ಆದ್ರ ಅಕ್ಕ ಕೇಳಿದ್ದೂ ಬರೋಬ್ಬರಿನ. ಇಡೀ ದೇಶ ಕೂಡಿ 2,586 ಚದರ ಕಿಲೋಮೀಟರ್. ನಮ್ಮ ಧಾರವಾಡ ಜಿಲ್ಲಾನ ಅದಕ್ಕಿಂತ ದೊಡ್ಡದು. ಮಂದಿ ಆರೂವರೆ ಲಕ್ಷದ ಮ್ಯಾಲೆ ಅಷ್ಟ. ಹುಬ್ಬಳ್ಳಿ-ಧಾರವಾಡದಾಗ ನಾವ ಅದಕ್ಕಿಂತ ಹೆಚ್ಚಿಗಿ ಇದ್ದೀವಿ. ಒಂದು ಕಡೆ ಜರ್ಮನಿ, ಒಂದು ಕಡೆ ಫ್ರಾನ್ಸ್, ಇನ್ನೊಂದು ಕಡೆ ಬೆಲ್ಜಿಯಂ. ಮೂರು ದೊಡ್ಡ ಮನಿ ನಡುವ ಒಂದು ಸಣ್ಣ ಮನಿ ಇರ್ತದಲ್ಲ, ಹಂಗ.

ಮಗ ಇರೂದು ಕಲೋನ್‌ನ್ಯಾಗ. 2024ರ ಮೇ ತಿಂಗಳದಾಗ ಅವರ ಹಬ್ಬಕ್ಕ ಸೋಮವಾರ ಸೂಟಿ ಬಂತು. ಶುಕ್ರವಾರ ಒಂದಿನ ರಜಾ ಹಾಕಿದ್ರ ನಾಲ್ಕು ದಿವಸ ಕೂಡತಾವ ಅಂತ ಹೊಂಟ್ವಿ. ಐದು ಮಂದಿ: ನಾನು, ನಮ್ಮನಿಯವರು, ಮಗ, ಸೊಸಿ, ಐದೂವರೆ ವರ್ಷದ ಮೊಮ್ಮಗಳು. ಹಿಂದಿನ ದಿನಾನ ನನ್ನ ಡಬ್ಬಿ ತಯಾರಿ ಶುರು ಆತು. ಮೆಂತೇದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಚ್ಚಿದ ಅವಲಕ್ಕಿ, ಎರಡು ದಿವಸಕ್ಕ ಆಗೂವಷ್ಟು ಚಪಾತಿ, ಒಂದು ಪಾಕೀಟ ಕಡ್ಲಿಹಿಟ್ಟು. "ಮೂರು ರಾತ್ರಿಗೆ ಇಷ್ಟೊಂದಾ?" ಅಂತ ನಮ್ಮನಿಯವರು ಅಂದ್ರು. ತಿನ್ನೂವಾಗ ಅವರ ಕೈನ ಮುಂದಿತ್ತು.

ಕೋಬ್ಲೆಂಜ್ ಅನ್ನೂ ಸ್ಟೇಷನ್ನಿನ್ಯಾಗ ಗಾಡಿ ಬದಲಿ ಮಾಡಬೇಕು. ಅಲ್ಲಿಂದ ಭಾಳ ದೂರದ ತನಕ ಮೊಸೆಲ್ ನದಿ ದಂಡಿಗುಂಟನ ಹೋಗ್ತದ ರೈಲು. ಎರಡೂ ಕಡೆ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ. ನಮ್ಮ ವಿಜಾಪುರ ಕಡೆ ಚಪ್ಪರಕ್ಕ ಹಬ್ಬಿಸ್ತಾರಲ್ಲ, ಹಂಗಲ್ಲ. ನೆಟ್ಟಗ ನಿಂತ ಗುಡ್ಡದ ಮ್ಯಾಲೆ ಸಾಲಿಗೆ ಸಾಲು ಗೂಟಕ್ಕ ಕಟ್ಟಿರ್ತಾರ. ಅಲ್ಲೆ ನಿಂತು ಹ್ಯಾಂಗ ಕೆಲಸ ಮಾಡ್ತಾರೋ, ನೋಡಿದ್ರ ಮೊಣಕಾಲು ನೋಯ್ತಾವ.

ಆ ರೈಲಿನ್ಯಾಗನ ಸೊಸಿ ಆ ಮಾತು ತಗದದ್ದು.

ಕೂಸು ಆಗಸ್ಟ್‌ನ್ಯಾಗ ಒಂದನೆತ್ತಾಕ್ಕ ಹೋಗೂದಿತ್ತು. ಈಗ ಹೋಗೂ ಶಿಶುವಿಹಾರದ ಟೀಚರ್ ಕರದು ಹೇಳಿದ್ರಂತ: ನಿಮ್ಮ ಮಗಳು ಮೂರು ಭಾಷಾ ಕಲಸತಾಳ, ಜರ್ಮನ್ ಇನ್ನೂ ಗಟ್ಟಿ ಆಗಿಲ್ಲ, ಶಾಲಿ ಶುರು ಆಗೂತನಕ ಮನ್ಯಾಗೂ ಜರ್ಮನ್ನ ಮಾತಾಡ್ರಿ. ಮಗ-ಸೊಸಿ ಕೂತು ವಿಚಾರ ಮಾಡಿ, ನಾವು ಧಾರವಾಡಕ್ಕ ಹೊಳ್ಳಿದ ಮ್ಯಾಲೆ ಮನ್ಯಾಗ ಜರ್ಮನ್ ಅಷ್ಟ ಅಂತ ನಿಶ್ಚಯ ಮಾಡಿದ್ರು. ನಾವು ಇರೂತನಕ ಬ್ಯಾಡ, ಹಿರಿಯರಿಗೆ ಬ್ಯಾಸರ ಆಗ್ತದ ಅಂತ ತಡದಿದ್ರು.

"ನಿಮಗೆ ಮುಂಚೆನೇ ಹೇಳ್ಬೇಕು ಅನ್ನಿಸ್ತು ಅತ್ತೆ. ಆಮೇಲೆ ಫೋನಲ್ಲಿ ಗೊತ್ತಾದ್ರೆ ಬೇಜಾರು ಮಾಡ್ಕೋತೀರಿ" ಅಂದ್ಲು ಸೊಸಿ. ಅಕಿ ಮಂಡ್ಯ ಕಡ್ಯಾಕಿ. ಮಾತು ಮೆತ್ತಗ, ಮನಸ್ಸು ಗಟ್ಟಿ.

ನಾ ಏನೂ ಅನ್ಲಿಲ್ಲ. ಕೂಸು ಕಿಡಕಿಗೆ ಮೂಗು ಹಚ್ಚಿ ಕೂತಿತ್ತು. ಎದುರು ಒಂದು ಹಡಗ ಬಂತು. "ಅಜ್ಜಿ, ಗುಕ್ ಮಾಲ್, ಹಡಗು!" ಅಂತು. ಗುಕ್ ಮಾಲ್ ಅಂದ್ರ ನೋಡು ಅಂತ. ಟೀಚರ್ ಕಲಸತಾಳ ಅಂದದ್ದು ಇದನ್ನ. ನನಗ ಜರ್ಮನ್ ಬರೂದಿಲ್ಲ, ಇಂಗ್ಲಿಷ್ ಅಂಗಡಿಗೆ ಹೋಗಿ ಬರೂವಷ್ಟು ಅಷ್ಟ. ಕೂಸಿನ ಕನ್ನಡ ಹೋದ್ರ ರವಿವಾರದ ಫೋನಿನ್ಯಾಗ ನಾವಿಬ್ಬರೂ ಏನು ಮಾಡೂದು? ಕೈ ಬೀಸಿ, ನಕ್ಕು, ಫೋನ್ ಇಡೂದು. ನಮ್ಮ ಓಣ್ಯಾಗ ಎಷ್ಟು ಮನ್ಯಾಗ ಹಂಗ ನಡದದ ಅಂತ ನಿಮಗೂ ಗೊತ್ತದ. ಹೆಸರು ಹೇಳೂದು ಬ್ಯಾಡ.

ವಾಸ್ಸರ್‌ಬಿಲ್ಲಿಗ್ ಅಂತ ಗಡಿ ಸ್ಟೇಷನ್ ಬಂತು. ಅದು ದಾಟಿದ್ರ ಟಿಕೆಟ್ ಇಲ್ಲ. ಖರೇನ ಹೇಳ್ತೀನಿ, ಆ ದೇಶದಾಗ ರೈಲು, ಬಸ್ಸು, ಟ್ರ್ಯಾಮ್ ಎಲ್ಲಾ ಪುಕ್ಕಟೆ. 2020ರ ಫೆಬ್ರುವರಿ 29ರಿಂದ ಹಂಗ ಮಾಡ್ಯಾರ. ಇಡೀ ದೇಶಕ್ಕ ಹಿಂಗ ಮಾಡಿದ್ದು ಜಗತ್ತಿನ್ಯಾಗ ಅವರ ಮೊದಲಂತ. ಫಸ್ಟ್ ಕ್ಲಾಸಿಗೆ ಅಷ್ಟ ರೊಕ್ಕಾ ಕೊಡಬೇಕು. ನಮ್ಮಲ್ಲೆ ಶಕ್ತಿ ಯೋಜನಾ ಬಂದಾಗಿಂದ ನಾನು ನಮ್ಮ ತಂಗಿ ಕೂಡಿ ಬಸ್ಸಿನ್ಯಾಗ ಬಾದಾಮಿ ಬನಶಂಕರಿಗೆ ಹೋಗಿ ಬಂದಾಗ ನಮ್ಮನಿಯವರು ಒಬ್ಬರ ಟಿಕೆಟ್ ತಗಸಿದ್ರು, ಆ ಸಿಟ್ಟು ಅವರಿಗೆ ಇನ್ನೂ ಇತ್ತು. ಇಲ್ಲೆ ಗಂಡಸರಿಗೂ ಪುಕ್ಕಟೆ ಅಂದ ಕೂಡಲೇ ಮಾರಿ ಅರಳಿತು. ಬ್ಯಾಂಕಿನ್ಯಾಗ ಇದ್ದು ರಿಟೈರ್ ಆದವರು, ಎಲ್ಲೆ ಹೋದ್ರೂ ಲೆಕ್ಕ. ಮೂರು ದಿವಸ ಬರೇ ಇಳಿಯೂದು ಹತ್ತೂದು ಮಾಡಿಸಿದ್ರು ನಮ್ಮನ್ನ.

ಉಳದದ್ದರದು ಮಾತ್ರ ಲೆಕ್ಕ ಬ್ಯಾರೆ. ಊಟ, ಹೋಟೆಲ್ ಭಾಳ ತುಟ್ಟಿ. ಅದಕ್ಕ ಮಗ ಒಂದು ಮನಿ ಬಾಡಿಗಿ ಹಿಡದಿದ್ದ, ರೈಲ್ವೆ ಸ್ಟೇಷನ್ನಿಗೆ ಹತ್ತ್ರ. ಮ್ಯಾಲಿನ ಅಂತಸ್ತಿನ್ಯಾಗ ನಾವು, ಕೆಳಗ ಮನಿ ಒಡತಿ. ಎಪ್ಪತ್ತರ ಮ್ಯಾಲಿನ ಹಿರಿಯಾಕಿ, ಅಲ್ಲೇ ಹುಟ್ಟಿ ಬೆಳೆದಾಕಿ. ಬಾಗಲಾ ತಗದು "ಮೊಯೆನ್" ಅಂದ್ಲು. ನಮಸ್ಕಾರ ಅಂದಂಗ. ಬೆಳಿಗ್ಗೇನೂ ಮೊಯೆನ್, ಸಂಜೀಕೂ ಮೊಯೆನ್.

ರಾತ್ರಿ ನಾನು ಅನ್ನ-ಸಾರು ಮಾಡಿದೆ. ಒಗ್ಗರಣಿ ವಾಸನಿ ಕೆಳಗ ಹೋಗಿರಬೇಕು, ಅಕಿ ಒಂದು ಬಟ್ಟಲ ತುಂಬ ಸ್ಟ್ರಾಬೆರಿ ಹಿಡಕೊಂಡು ಮ್ಯಾಲೆ ಬಂದ್ಲು. ಟೇಬಲ್ ಮ್ಯಾಲಿನ ಕರೀ ಪುಡಿ ನೋಡಿ ಇದೇನು ಅಂತ ಕೇಳಿದ್ಲು. ನಾ "ಗುರೆಳ್ಳು" ಅಂದೆ. ಸೊಸಿ "ನಮ್ಮ ಕಡೆ ಹುಚ್ಚೆಳ್ಳು ಅಂತೀವಿ, ಜರ್ಮನಲ್ಲಿ ಏನಂತಾರೋ" ಅಂತ ಫೋನಿನ್ಯಾಗ ಹುಡುಕಿದ್ಲು. ಸಿಕ್ತು, ನೋಡಿ ನಗಲಿಕ್ಕೆ ಹತ್ತಿದ್ಲು. ಅಲ್ಲೆ ಅದನ್ನ ಹಕ್ಕಿಗಳಿಗೆ ಹಾಕ್ತಾರಂತ! ಚಳಿಗಾಲದಾಗ ತೋಟದಾಗ ಸಣ್ಣ ಚೀಲ ಕಟ್ಟಿ ಇದನ್ನ ತುಂಬಿಡ್ತಾರಂತ. ಮನಿ ಒಡತೀನೂ ನಕ್ಕು, ಚಪಾತಿ ತುಂಡಿಗೆ ಹಚ್ಚಿಕೊಂಡು ತಿಂದ್ಲು. ಎರಡನೇ ತುಂಡನ್ನೂ ತಾನ ತಗೊಂಡ್ಲು. ಹಕ್ಕಿಗಳಿಗೆ ರುಚಿ ಗೊತ್ತದ ಅಂದ್ಲಂತ.

ಶನಿವಾರ ಊರು ನೋಡಿದ್ವಿ. ರಾಜಧಾನಿ ಹೆಸರೂ ಲಕ್ಸೆಂಬರ್ಗ್ನ. ಊರು ಎರಡು ಮಜಲದ್ದು ಅನ್ನಬಹುದು. ಅರ್ಧ ಮ್ಯಾಲೆ ಬಂಡೆ ಮ್ಯಾಲೆ, ಅರ್ಧ ಕೆಳಗ ಕಣಿವ್ಯಾಗ ನದಿ ದಂಡಿಗೆ. ಮ್ಯಾಲೆ ಬ್ಯಾಂಕು, ಆಫೀಸು, ಅರಮನಿ. ಕೆಳಗ ಹಳೇ ಮನಿ, ಕಲ್ಲಿನ ಓಣಿ, ಹಿತ್ತಲ ತೋಟ. ಹತ್ತಿ ಇಳಿದು ಸಾಕಾಗಬಾರದಂತ ಸರಕಾರನ ಲಿಫ್ಟ್ ಹಾಕ್ಯದ. ಪ್ಫಾಫೆಂಟಾಲ್ ಅನ್ನೂ ಕಡೆ ಗಾಜಿನ ಲಿಫ್ಟ್, 71 ಮೀಟರ್ ಎತ್ತರ, ಅದೂ ಪುಕ್ಕಟೆ. ಮಂದಿ ಸೈಕಲ್ ಸುದ್ಧಾ ಒಳಗ ತಗೊಂಡು ಬರ್ತಾರ. ಕೂಸು ನಾಲ್ಕು ಸಲ ಹತ್ತಿ ಇಳೀತು, ಅಜ್ಜಾನೂ ಅಷ್ಟ ಸಲ.

ಗ್ಯೋಮ್ ಚೌಕದಾಗ ಶನಿವಾರ ಸಂತಿ ಇತ್ತು. ನಮ್ಮ ಧಾರವಾಡದ ಮಂಗಳವಾರ ಸಂತಿ ಮುಂದ ಅದು ಅಷ್ಟೇನಲ್ಲ, ಆದ್ರ ಬಿಳೀ ಶತಾವರಿ ನೋಡಿದ್ನಿ, ಬೆರಳಿನಷ್ಟು ದಪ್ಪ, ಸಿವುಡು ಕಟ್ಟಿ ಇಟ್ಟಿದ್ರು. ಮೇ ತಿಂಗಳದಾಗ ಅದರದ ಭರಾಟಿ. ದರ ಕೇಳಿ ಕೈ ಹಿಂದ ತಗೊಂಡೆ.

ಕೋಟೆ ಸುರಂಗದ ಬಗ್ಗೆ ಹೇಳಬೇಕು. 963ರಾಗ ಜೀಗ್‌ಫ್ರೀಡ್ ಅನ್ನೂ ಒಬ್ಬ ಸರದಾರ ಬಾಕ್ ಅನ್ನೂ ಬಂಡೆ ಮ್ಯಾಲಿನ ಜಾಗಾ ಪಡಕೊಂಡ. ಅಲ್ಲಿಂದನ ಈ ಊರು ಶುರು. ಆಮ್ಯಾಲೆ ಯಾರ್ಯಾರೋ ಬಂದು ಆಳಿದ್ರು. ಬರ್ಗಂಡಿಯವರು, ಸ್ಪೇನಿನವರು, ಫ್ರೆಂಚರು, ಆಸ್ಟ್ರಿಯಾದವರು, ಪ್ರಶ್ಯಾದವರು. ಬಂದವರೆಲ್ಲಾ ಕೋಟೆ ಗಟ್ಟಿ ಮಾಡಿದ್ರು. ಸ್ಪೇನಿನವರ ಕಾಲಕ್ಕ, 1644ರಾಗ, ಬಂಡೆ ಒಳಗ ಸುರಂಗ ತೋಡಲಿಕ್ಕೆ ಶುರು ಮಾಡಿದ್ರು. ಕಡೀಕೆ 23 ಕಿಲೋಮೀಟರ್ ಆತು. 1867ರಾಗ ಲಂಡನ್‌ನ್ಯಾಗ ದೊಡ್ಡ ದೇಶದವರು ಕೂತು, ಈ ಕೋಟೆ ಕೆಡವಬೇಕು, ಈ ದೇಶ ಯಾರ ಕಡೇನೂ ಸೇರಬಾರದು ಅಂತ ಒಪ್ಪಂದ ಮಾಡಿದ್ರು. ಮ್ಯಾಲಿಂದು ಕೆಡವಿದ್ರು. ಸುರಂಗ ಎಲ್ಲಾ ಕೆಡವಿದ್ರ ಮ್ಯಾಲಿನ ಊರ ಕುಸೀತದ, ಅದಕ್ಕ 17 ಕಿಲೋಮೀಟರ್ ಹಂಗ ಉಳದದ. ಎರಡನೇ ಮಹಾಯುದ್ಧದಾಗ ಬಾಂಬ್ ಬೀಳೂವಾಗ 35,000 ಮಂದಿ ಅಡಗಿಕೊಳ್ಳೂವಷ್ಟು ಜಾಗಾ ಆಗಿತ್ತಂತ ಅಲ್ಲೆ. ನಾ ಇಳದೆ, ಆದ್ರ ಹೇಳ್ತೀನಿ, ಮೊಣಕಾಲು ನೋವು ಇದ್ದವರು ಇಳೀಬ್ಯಾಡ್ರಿ. ಸುತ್ತ ಸುತ್ತ ಕಲ್ಲಿನ ಮೆಟ್ಟಲ, ಒದ್ದಿ, ಥಂಡಿ. ನಮ್ಮನಿಯವರು ಮ್ಯಾಲೆ ಕೂತು ಕೋರ್ನಿಷ್ ದಾರಿಯಿಂದ ಕಣಿವಿ ನೋಡಿದ್ರು, ಅವರಿಗೇ ಛೊಲೊ ಕಂಡಿರಬೇಕು. ಅಲ್ಲಿಂದ ಕೆಳಗಿನ ಊರು, ನದಿ, ಚರ್ಚಿನ ಗೋಪುರ ಎಲ್ಲಾ ಒಂದ ತಾಟಿನ್ಯಾಗ ಬಡಿಸಿದಂಗ ಕಾಣಸ್ತದ.

ಒಂದು ಕಂಬದ ಮ್ಯಾಲೆ ಬಂಗಾರ ಬಣ್ಣದ ಹೆಣ್ಣುಮಗಳ ಮೂರ್ತಿ ಅದ, ಕೈಯಾಗ ಮಾಲಿ ಹಿಡದಾಳ. "ಬಂಗಾರದಾಕಿ" ಅಂತನ ಕರೀತಾರ ಅವರ ಭಾಷಾದಾಗ. ಮೊದಲನೇ ಯುದ್ಧದಾಗ ಸತ್ತವರ ನೆನಪಿಗೆ 1923ರಾಗ ನಿಲ್ಲಿಸಿದ್ದು. 1940ರಾಗ ನಾಜಿಗಳು ಬಂದು ಕೆಡವಿದ್ರು. ಎಷ್ಟೋ ವರ್ಷ ಎಲ್ಲದಾಳ ಅಂತ ಯಾರಿಗೂ ಗೊತ್ತಿರಲಿಲ್ಲ. ಆಮ್ಯಾಲೆ ಫುಟ್‌ಬಾಲ್ ಮೈದಾನದ ಕಟ್ಟೆ ಕೆಳಗ ಸಿಕ್ಳು. 1985ರಾಗ ಮತ್ತ ಮ್ಯಾಲೆ ನಿಂತಳು.

ರವಿವಾರ ವಿಯಾಂಡನ್‌ಗೆ ಹೋದ್ವಿ, ಉತ್ತರಕ್ಕ. ರೈಲು, ಮತ್ತ ಬಸ್ಸು. ಸಣ್ಣ ಊರು, ಊರ್ ಅನ್ನೂದ ನದಿ ಹೆಸರು! ಕನ್ನಡದ ಊರ ಅಂತ ನಾನು ಕೂಸು ಕೂಡಿ ಭಾಳ ನಕ್ವಿ. ಗುಡ್ಡದ ಮ್ಯಾಲೆ ದೊಡ್ಡ ಕೋಟೆ. ಹತ್ತಲಿಕ್ಕೆ ತೂಗು ಕುರ್ಚಿ ಅದ, ಒಂದೊಂದು ಕುರ್ಚ್ಯಾಗ ಇಬ್ಬಿಬ್ಬರು. ಅದಕ್ಕ ರೊಕ್ಕಾ ಕೊಡಬೇಕು. ಸೀರಿ ಉಟ್ಟವರು ಸೆರಗು ಸಿಗಿಸಿ ಕೂಡ್ರಿ, ಅದು ನಿಲ್ಲೂದಿಲ್ಲ, ಹಿಂದಿಂದ ಬಂದು ಮೊಣಕಾಲಿಗೆ ಬಡದು ಕೂಡಿಸಿಕೊಂಡ ಬಿಡ್ತದ. ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೊ 1871ರಾಗ ಈ ಊರಾಗ ಬಂದು ಇದ್ದನಂತ, ಆ ಮನಿ ಈಗ ಮ್ಯೂಸಿಯಂ.

ಆ ಕೋಟೆ ಕತಿ ಕೇಳಿ ನಮ್ಮನಿಯವರು ಸುಮ್ಮನಾದ್ರು. 1820ರಾಗ ನೆದರ್ಲೆಂಡಿನ ಅರಸ ಅದನ್ನ ಊರಿನ ಒಬ್ಬ ಮುಖಂಡನಿಗೆ ಮಾರಿದ. ಅಂವ ಅದನ್ನ ಇಡಿಯಾಗಿ ಇಟ್ಟುಕೊಳ್ಳಲಿಲ್ಲ. ಛಾವಣಿ, ಬಾಗಲಾ, ಕಿಡಕಿ ಎಲ್ಲಾ ಬಿಡಿಬಿಡಿಯಾಗಿ ಮಾರಿದ. ಉಳದದ್ದು ಬರೇ ಗ್ವಾಡಿ. ನಮ್ಮ ಹಳ್ಳಿ ವಾಡೆದ ಸಾಗವಾನಿ ಕಂಬ, ಹೆಬ್ಬಾಗಲಾ ಹಿಂಗ ಹೋದವು, ಯಾವುದೋ ಹೋಟೆಲ್ಲಿನ್ಯಾಗ ಈಗ ಶೋಭಾಕ್ಕ ನಿಂತಾವ. ವಿಯಾಂಡನ್ ಕೋಟೆ 1977ರಾಗ ಸರಕಾರಕ್ಕ ಬಂತು, ಹಳೇ ಚಿತ್ರ ನೋಡಿ ನೋಡಿ ಮತ್ತ ಕಟ್ಟಿದ್ರು. ನಮ್ಮದು ಯಾರು ಕಟ್ತಾರ.

ಕೋಟೆ ಹೊರಗ ಕಟ್ಟಿ ಮ್ಯಾಲೆ ಕೂತು ಅವಲಕ್ಕಿ ತಿಂದ್ವಿ. ಗಂಡಸರು ಕೂಸಿನ ಕರಕೊಂಡು ತೋಪು ನೋಡಲಿಕ್ಕೆ ಹೋದ್ರು. ನಾನು ಸೊಸಿ ಇಬ್ಬರ ಉಳದ್ವಿ. ಅಕಿ ತಾನಾಗೇ ಮಾತಾಡಿದ್ಲು.

"ಅತ್ತೆ, ನಾನು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಶಾಲೆಗೆ ಫಸ್ಟು. ಪಿಯುಸಿಲಿ ಸೈನ್ಸ್ ತಗೊಂಡೆ. ಮೊದಲನೇ ದಿನ ಲೆಕ್ಚರರ್ ಏನ್ ಹೇಳ್ತಿದಾರೆ ಅಂತ ಒಂದಕ್ಷರ ಗೊತ್ತಾಗ್ಲಿಲ್ಲ. ಹೊರಗಡೆ ಹೋಗ್ಬೇಕು ಅಂತ ಕೇಳೋಕೂ ಇಂಗ್ಲಿಷ್ ಬರ್ದೆ, ಮಧ್ಯಾಹ್ನದವರೆಗೂ ಹಾಗೇ ಕೂತಿದ್ದೆ. ಫಿಸಿಕ್ಸಲ್ಲಿ ಫೇಲಾದೆ. ಅಪ್ಪ ಎರಡು ದಿನ ಮಾತಾಡ್ಲಿಲ್ಲ. ಅವಳು ಹಾಗೆ ಕೂತ್ಕೋಬಾರ್ದು ಅತ್ತೆ. ಅಷ್ಟೇ."

ಇದಕ್ಕೇನು ಹೇಳಲಿ? ಹನ್ನೊಂದು ವರ್ಷದಿಂದ ನಮ್ಮ ಸೊಸಿ, ಒಂದು ದಿವಸರ ಇದನ್ನ ಹೇಳಿರಲಿಲ್ಲ. ಅಕಿ ಕೈ ಹಿಡಕೊಂಡು ಕೂತೆ. ಕನ್ನಡ ಬಿಡಬ್ಯಾಡ್ರಿ ಅಂತ ಹೇಳಲಿಕ್ಕೆ ರೈಲಿನಿಂದ ಹಿಡದು ಮಾತು ಹೊಂದಿಸಿ ಇಟ್ಟಿದ್ದೆ, ಹೊರಗ ಬರಲಿಲ್ಲ. ಮಧ್ಯಾಹ್ನದ ತನಕ ಬೆಂಚಿನ ಮ್ಯಾಲೆ ತಡಕೊಂಡು ಕೂತ ಹುಡುಗಿ ಮುಂದ ಯಾವ ಭಾಷಾ ಅಭಿಮಾನ ಹೇಳೂದು?

ಸಂಜೀಕೆ ಹೊಳ್ಳಿ ಬಂದ್ವಿ. ರವಿವಾರ ಅಂತ ಓಣ್ಯಾಗ ಅಂಗಡಿ ಮುಚ್ಚಿದ್ದವು, ತರಕಾರಿ ತೀರಿತ್ತು. ಮನಿ ಒಡತಿ ಕೆಳಗ ಕರದ್ಲು. ಅವರದೊಂದು ತಿಂಡಿ ಅದ, ಗ್ರೊಂಪರೆಕಿಶೆಲ್‌ಶರ್ ಅಂತ, ನನಗ ಇವತ್ತಿಗೂ ನಾಲಿಗಿ ತಿರುಗೂದಿಲ್ಲ. ಗ್ರೊಂಪರ್ ಅಂದ್ರ ಆಲೂಗಡ್ಡಿ. ಹೆರದು, ಹಿಂಡಿ, ಉಳ್ಳಾಗಡ್ಡಿ, ಕೊತ್ತಂಬ್ರಿಯಂಥಾದೊಂದು ಸೊಪ್ಪು ಹಾಕಿ ಎಣ್ಣ್ಯಾಗ ಕರೀತಾರ. ಅದಕ್ಕ ತತ್ತಿ ಹಾಕ್ತಾರ. ನಮಗ ತತ್ತಿ ಆಗೂದಿಲ್ಲಂತ ಸೊಸಿ ಹೇಳಿದ್ಲು. ನಾ ಮ್ಯಾಲೆ ಹೋಗಿ ಕಡ್ಲಿಹಿಟ್ಟಿನ ಪಾಕೀಟ ತಂದೆ. ತತ್ತಿ ಬದ್ಲಿ ಎರಡು ಮುಷ್ಟಿ ಹಿಟ್ಟು, ಚೂರು ಅಜವಾನ. ಹಿಡೀತು. ಅಕಿ ಅದರ ಜೋಡಿ ಸೇಬಿನ ಗೊಜ್ಜು ಹಚ್ಚಿಕೊಂಡು ತಿಂತಾಳ, ನಾವು ಶೇಂಗಾ ಚಟ್ನಿ ಹಚ್ಚಿಕೊಂಡ್ವಿ. ನೀವೂ ಮಾಡಿ ನೋಡ್ರಿ, ಆದ್ರ ಆಲೂಗಡ್ಡಿ ನೀರು ಪೂರಾ ಹಿಂಡಬೇಕು, ಇಲ್ಲಂದ್ರ ಎಣ್ಣಿ ಕುಡೀತದ.

ನಾವು ಕರೀತಾ ನಿಂತಾಗ ಕೂಸು ಹೇಳ್ತು: "ಅಜ್ಜಿ, ಈ ಅಜ್ಜೀದು ಸ್ವಲ್ಪ ಜರ್ಮನ್, ಸ್ವಲ್ಪ ಬೇರೆ. ನಿಂದು ಸ್ವಲ್ಪ ಅಮ್ಮಂದು, ಸ್ವಲ್ಪ ಬೇರೆ. ಅಮ್ಮಂದು ಹುಚ್ಚೆಳ್ಳು, ನಿಂದು ಗುರೆಳ್ಳು."

ಸೊಸಿ ಅದನ್ನ ಮನಿ ಒಡತಿಗೆ ಜರ್ಮನ್‌ನ್ಯಾಗ ಹೇಳಿದ್ಲು. ಅಲ್ಲಿಂದ ಮಾತು ಬೆಳೀತು. ಅಕಿ ಹೇಳೂದು, ಸೊಸಿ ನನಗ ಕನ್ನಡ ಮಾಡಿ ಹೇಳೂದು.

ಆ ಹಿರಿಯಾಕಿ ಮನ್ಯಾಗ ಮಾತಾಡೂದು ಲಕ್ಸೆಂಬರ್ಗಿಶ್. ಶಾಲ್ಯಾಗ ಓದು-ಬರಹ ಕಲ್ತದ್ದು ಜರ್ಮನ್‌ನ್ಯಾಗ, ಆಮ್ಯಾಲೆ ಫ್ರೆಂಚ್. ಆ ದೇಶದ ಕಾಯದೆ ಬರಿಯೂದು ಫ್ರೆಂಚ್‌ನ್ಯಾಗ, ಪೇಪರ್ ಹೆಚ್ಚಿಗಿ ಓದೂದು ಜರ್ಮನ್‌ನ್ಯಾಗ, ಪಾರ್ಲಿಮೆಂಟಿನ್ಯಾಗ ಜಗಳಾಡೂದು ಲಕ್ಸೆಂಬರ್ಗಿಶ್‌ನ್ಯಾಗ. ಭಾಳ ವರ್ಷ ಅದನ್ನ ಭಾಷಾ ಅಂತನ ಹಿಡೀಲಿಲ್ಲ, ಜರ್ಮನ್ನಿನ ಒಂದು ಹಳ್ಳಿ ಮಾತು ಅಂತಿದ್ರು. 1984ರಾಗ ಕಾಯದೆ ಮಾಡಿ ಇದು ನಮ್ಮ ರಾಷ್ಟ್ರಭಾಷಾ ಅಂತ ಬರದ್ರು. ಅಕಿ ಶಾಲಿಗೆ ಹೋಗೂವಾಗ ಅದನ್ನ ಬರಿಯೂದು ಯಾರೂ ಕಲಿಸಲಿಲ್ಲಂತ. ಇವತ್ತಿಗೂ ಸಂತಿ ಚೀಟಿ ಜರ್ಮನ್‌ನ್ಯಾಗ ಬರೀತಾಳ, ಓದಿ ಹೇಳೂದು ತನ್ನ ಮಾತಿನ್ಯಾಗ. ಇದನ್ನ ಕೇಳಿ ನನಗ ನಗು ಬಂತು. ನಾವೇನು ಕಡಿಮಿ? ನಮ್ಮವ್ವ "ಕ್ಷೇಮವಾಗಿರುತ್ತೇವೆ, ಚಿಂತೆ ಮಾಡಬಾರದು" ಅಂತ ಕಾರ್ಡು ಬರೀತಿದ್ಲು, ಹಂಗ ಮಾತಾಡಿದ್ದನ್ನ ಒಂದು ದಿವಸರ ಕೇಳಿಲ್ಲ.

ಅಪ್ಪನ ಕಾಲದ್ದೊಂದು ಹೇಳಿದ್ಲು. ನಾಜಿಗಳು ಬಂದು ದೇಶ ಹಿಡದಾಗ ಫ್ರೆಂಚ್ ಮಾತಾಡಬಾರದು ಅಂದ್ರಂತ, "ಬಾನ್‌ಜೂರ್" ಸುದ್ಧಾ ಅನ್ನಬಾರದು. 1941ರ ಅಕ್ಟೋಬರ್‌ನ್ಯಾಗ ಜನಗಣತಿ ಇಟ್ರು. ಅದರಾಗ ಮೂರು ಪ್ರಶ್ನಿ: ನಿಮ್ಮ ದೇಶ ಯಾವುದು, ತಾಯಿಭಾಷಾ ಯಾವುದು, ಕುಲ ಯಾವುದು. ಲಕ್ಸೆಂಬರ್ಗಿಶ್ ಅಂತ ಬರೀಬ್ಯಾಡ್ರಿ, ಅದು ಭಾಷಾ ಅಲ್ಲ, ಆಡುಮಾತು, ಜರ್ಮನ್ ಅಂತ ಬರೀರಿ ಅಂತ ಸೂಚನಾ ಕೊಟ್ಟಿದ್ರು. ಮಂದಿ ಗುಟ್ಟಾಗಿ ಚೀಟಿ ಹಂಚಿ ಮಾತಾಡಿಕೊಂಡು ಮೂರಕ್ಕೂ ಲಕ್ಸೆಂಬರ್ಗ್ ಅಂತನ ಬರದ್ರು. ಮೊದಲಿಗೆ ಒಂದಿಷ್ಟು ಎಣಿಸಿ ನೋಡಿದ್ರ ಎಲ್ಲಾ ಕಡೆ ಹಿಂಗ. ಗಣತೀನ ಬಿಟ್ಟುಬಿಟ್ರು. ಅಕಿ ಅಪ್ಪಾನೂ ಹಂಗ ಬರದಿದ್ನಂತ. ಇಷ್ಟು ಹೇಳಿ ಅಕಿ ಒಂದು ಗ್ರೊಂಪರ್ ತಿರುವಿ ಹಾಕಿದ್ಲು. ದೊಡ್ಡಸ್ತನ ಏನಿಲ್ಲ, ನಮ್ಮಲ್ಲೆ ಅಜ್ಜಿ ಬರಗಾಲದ ಕತಿ ಹೇಳಿದಂಗ.

ಸೊಸಿ ಅದನ್ನ ಬಿಟ್ಟು ತನ್ನ ಪ್ರಶ್ನಿ ಕೇಳಿದ್ಲು. ನಾ ಕೇಳ ಅಂದಿದ್ದಲ್ಲ, ತಾನ ಕೇಳಿದ್ಲು. "ನಿಮ್ಮ ಮಕ್ಕಳಿಗೆ ಶಾಲೇಲಿ ತೊಂದರೆ ಆಗ್ಲಿಲ್ವಾ?"

ಆತು, ಭಾಳ ಆತು ಅಂದ್ಲಂತ. ಮಗಳು ಫ್ರೆಂಚ್ ಉಕ್ತಲೇಖನದ ಹಿಂದಿನ ರಾತ್ರಿ ದರಾ ಸಲ ಅಳ್ತಿದ್ಲು. ಒಂದು ವರ್ಷ ಹಿಂದ ಉಳದ್ಲು. "ಆದ್ರ ನಾ ಮನ್ಯಾಗ ಫ್ರೆಂಚ್ ಮಾತಾಡಿದ್ರ ಅಕಿ ಏನು ಕಲೀತಿದ್ಲು? ನನ್ನ ತಪ್ಪು ಫ್ರೆಂಚ್ ಕಲೀತಿದ್ಲು." ಮಗ ಇದನ್ನ ಕೇಳಿ ಗೊಳ್ಳಂತ ನಕ್ಕ. ಯಾಕಂದ್ರ ಸೊಸಿ ಜರ್ಮನ್ ಮಾತಾಡಿದಾಗೆಲ್ಲಾ ಕೂಸು ತಿದ್ದತದ. ಆ ಭಾಷಾದಾಗ ಮೇಜು ಗಂಡು, ದೀಪ ಹೆಣ್ಣು, ಪುಸ್ತಕ ಎರಡೂ ಅಲ್ಲ. ದೊಡ್ಡವರಾದ ಮ್ಯಾಲೆ ಕಲ್ತವರಿಗೆ ಜಲ್ಮಕ್ಕ ಅದು ಬರೂದಿಲ್ಲ. ಸೊಸಿ ಅವನ ಕಡೆ ಕಣ್ಣು ಕಿಸಿದ್ಲು, ಆದ್ರ ತಾನೂ ನಕ್ಳು.

ಅವತ್ತು ಅದರ ಬಗ್ಗೆ ಮತ್ತೇನೂ ಮಾತಾಗಲಿಲ್ಲ.

ಸೋಮವಾರ ಹೊಳ್ಳೂಕಿಂತ ಮೊದಲ ಶೆಂಗೆನ್‌ಗೆ ಹೋಗಿ ಬಂದ್ವಿ. ನಮ್ಮ ವೀಸಾದಾಗ ಇಂಗ್ಲಿಷಿನ್ಯಾಗ ಶೆಂಗೆನ್ ಅಂತ ಇರ್ತದಲ್ಲ, ಅದು ಒಂದು ಹಳ್ಳಿ ಹೆಸರು. ಮೊಸೆಲ್ ನದಿ ದಂಡಿಗೆ, ದ್ರಾಕ್ಷಿ ತೋಟದ ನಡುವ. 1985ರ ಜೂನ್ 14ಕ್ಕ ಅಲ್ಲೆ ನದಿಯೊಳಗ ಒಂದು ಹಡಗದ ಮ್ಯಾಲೆ ಐದು ದೇಶದವರು ಕೂತು, ನಮ್ಮ ನಮ್ಮ ನಡುವ ಗಡಿ ತಪಾಸಣಿ ಬ್ಯಾಡ ಅಂತ ಸಹಿ ಮಾಡಿದ್ರು. ಹಡಗದ ಹೆಸರು ಪ್ರಿನ್ಸೆಸ್ ಮರಿ ಆಸ್ಟ್ರಿಡ್. ವೀಸಾ ಸಲುವಾಗಿ ಬ್ಯಾಂಕಿನ ಕಾಗದ, ಪೆನ್ಷನ್ ಕಾಗದ, ಮನಿ ಕಾಗದ ಎಲ್ಲಾ ಗುಡ್ಡಿ ಹಾಕಿ ಬೆಂಗಳೂರಿಗೆ ಅಡ್ಡಾಡಿದ್ದು ನೆನಪಾತು. ಅಷ್ಟೆಲ್ಲಾ ಈ ಸಣ್ಣ ಹಳ್ಳಿ ಹೆಸರಿಗೆ! ಅಲ್ಲೆ ಸೇತುವೆ ದಾಟಿದ್ರ ಜರ್ಮನಿ, ಇತ್ತಲಾಗ ಸ್ವ್ಲಪ ನಡದ್ರ ಫ್ರಾನ್ಸ್. ನಾವು ಹೋದಾಗ ಒಬ್ಬ ಪೋಲಿಸನೂ ಇರಲಿಲ್ಲ. ನಮ್ಮನಿಯವರು ಸೇತುವೆ ಮ್ಯಾಲೆ ಹೋಗಿ ಹೊಳ್ಳಿ ಬಂದು, ಚಾ ಕುಡಿಯೂ ಹೊತ್ತಿನ್ಯಾಗ ಎರಡು ದೇಶ ಮುಗಿಸಿದೆ ಅಂತ ಫೋಟೋ ಕಳಿಸಿದ್ರು ಎಲ್ಲಾರಿಗೂ. ನೀವು ನೋಡೇ ಇರ್ತೀರಿ.

ಮರುದಿವಸ ಮಂಗಳವಾರ ಎಖ್ಟರ್‌ನಾಖ್ ಅನ್ನೂ ಊರಾಗ ಮಂದಿ ಸಾಲಾಗಿ ಕರವಸ್ತ್ರ ಹಿಡಕೊಂಡು ಕುಣಕೋತ ಹೋಗೂ ಮೆರವಣಿಗಿ ಇತ್ತಂತ, ಪ್ರತಿ ವರ್ಷ ಆ ಹಬ್ಬದ ಮಂಗಳವಾರನ ಅದು. ಮಗನಿಗೆ ಕೆಲಸ ಇತ್ತು, ಸಿಗಲಿಲ್ಲ. ಹೋಗೂವರಿದ್ರ ಒಂದಿನ ಹೆಚ್ಚಿಗಿ ಇಟ್ಟುಕೊಳ್ರಿ. ಮತ್ತ ನೀರಿನ ಬಾಟ್ಲಿ ಮನಿಯಿಂದನ ತಗೊಂಡು ಹೋಗ್ರಿ, ಒಂದು ಸ್ವೆಟರ್ ಮೇ ತಿಂಗಳದಾಗೂ ಬೇಕು.

ನಾವು ಜೂನ್‌ನ್ಯಾಗ ಧಾರವಾಡಕ್ಕ ಬಂದ್ವಿ. ಹೊರಡೂ ದಿವಸ ಸೊಸಿ ಏರ್‌ಪೋರ್ಟಿನ್ಯಾಗ ಹೇಳಿದ್ಲು, "ಟೀಚರ್ ಹತ್ರ ಮಾತಾಡಿದೆ ಅತ್ತೆ. ಹೋಮ್‌ವರ್ಕ್ ಟೈಮಲ್ಲಿ ಜರ್ಮನ್, ಅದು ಇವರ ಕೆಲಸ. ಉಳಿದಿದ್ದಕ್ಕೆ ದೀಪಾವಳಿವರೆಗೂ ನೋಡೋಣ. ಅವಳಿಗೆ ಕಷ್ಟ ಆದ್ರೆ ನಾನು ಬಿಡಿಸ್ತೀನಿ, ಆಗ ನೀವು ಏನೂ ಅನ್ಬಾರ್ದು." ನಾ ಹೂಂ ಅಂದೆ. ಅಕಿ ಮಾತಿಗೆ ಹೂಂ ಅಂದದ್ದು ಮನಸ್ಸಿಂದನ ಅಂದದ್ದು.

ಆಗಸ್ಟ್‌ನ್ಯಾಗ ಕೂಸು ಶಾಲಿಗೆ ಹೋತು. ಅಲ್ಲೆ ಮೊದಲ ದಿವಸ ಮಕ್ಕಳಿಗೆ ತಮ್ಮಷ್ಟ ಉದ್ದದ ಬಣ್ಣದ ಪೊಟ್ಟಣದಾಗ ಚಾಕ್ಲೇಟು, ಪೆನ್ಸಿಲ್ಲು ತುಂಬಿ ಕೊಡ್ತಾರ. ಅದನ್ನ ಹಿಡಕೊಂಡು ನಿಂತ ಫೋಟೋ ನಮ್ಮ ಪಡಸಾಲ್ಯಾಗ ಹಾಕೇನಿ. ಓದೂದು ಇನ್ನೂ ಸಾವಕಾಶ ಅದ ಅಂತ ಮಗ ಹೇಳ್ತಾನ, ಎರಡು ತಿಂಗಳ ಹಿಂದ ಹೆಚ್ಚಿಗಿ ತರಬೇತಿಗೆ ಹಾಕ್ಯಾರಂತ. ದೀಪಾವಳಿ ಮುಗದು ಮೂರು ವಾರ ಆತು. ಬಿಡಿಸೂ ಮಾತು ಸೊಸಿ ತಗದಿಲ್ಲ, ನಾನೂ ಕೇಳಿಲ್ಲ.

ಮೊನ್ನೆ ರವಿವಾರ ಫೋನಿನ್ಯಾಗ ಕೂಸು ಬೂಟು ಹಾಕ್ಕೋತ "ಅಜ್ಜಿ, ನಾ ಆಡ್ಲಿಕ್ಕೆ ಹೊಂಟೀನಿ" ಅಂತು. ಹಿಂದಿನಿಂದ ಸೊಸಿ ದನಿ ಬಂತು, "ಹೊರಟಿದ್ದೀನಿ ಅನ್ನು."

"ಅದು ನಿಂದು. ಇದು ಅಜ್ಜೀದು" ಅಂತ ಹೇಳಿ ಬಾಗಲಾ ಹಾಕ್ಕೊಂಡು ಹೋತು. ಸೊಸಿ ಫೋನ್ ತಗೊಂಡು, ಗುರೆಳ್ಳು ತೀರ್ತಾ ಬಂದದ, ಯಾರರ ಬರೂವರಿದ್ರ ಅರ್ಧ ಕಿಲೋ ಕಳಿಸ್ರಿ ಅಂದ್ಲು. ಡಿಸೆಂಬರ್‌ನ್ಯಾಗ ನಿಮ್ಮಲ್ಲಿ ಯಾರರ ಜರ್ಮನಿಗೆ ಹೋಗೂವರಿದ್ದೀರೇನು?